ಫ್ಲಾಷರ್ ಎಂಬ ಪುಟ್ಟ ಬಿಡಿಭಾಗ: ಸಣ್ಣ ಉದ್ದಿಮೆದಾರರ ಮುಂದಿರುವ ಪ್ರಶ್ನೆ

ಲಾರಿ, ಟ್ರ್ಯಾಕ್ಟರ್, ಕಾರು, ದ್ವಿಚಕ್ರ ವಾಹನ, ಯಾವುದೇ ಇರಲಿ, ತಿರುವಿನಲ್ಲಿ ಮಿನುಗುವ ಹಳದಿ ದೀಪದ ಹಿಂದೆ ದಶಕಗಳ ಕಾಲ ಒಂದು ಪುಟ್ಟ ಡಬ್ಬಿ ಕೆಲಸ ಮಾಡುತ್ತಿತ್ತು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದಪ್ಪನಾದ ಈ ಡಬ್ಬಿಗೆ ವ್ಯಾಪಾರದ ಭಾಷೆಯಲ್ಲಿ ಫ್ಲಾಷರ್ ಎಂದು ಹೆಸರು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗ ಮಳಿಗೆಗಳಿಂದ ಹಿಡಿದು ತಾಲ್ಲೂಕು ಕೇಂದ್ರದ ಆಟೋ ಎಲೆಕ್ಟ್ರಿಷಿಯನ್ ಅಂಗಡಿಯವರೆಗೆ ಇದು ಕೌಂಟರಿನ ಮೇಲೆಯೇ ದೊರೆಯುವ ವಸ್ತು. ದೊಡ್ಡ ಯಂತ್ರೋಪಕರಣವಾಗಲಿ, ಅಪಾರ ಬಂಡವಾಳವಾಗಲಿ ಬೇಡವಾದ ಕಾರಣ ಸಣ್ಣ ಉದ್ದಿಮೆದಾರರ ಕೈಗೆ ಎಟುಕಿದ ಉತ್ಪನ್ನವೂ ಹೌದು.

ಈಗ ಆ ಡಬ್ಬಿ ಹೊಸ ಕಾರುಗಳಿಂದ ಮಾಯವಾಗುತ್ತಿದೆ. ಬೇಡಿಕೆ ಇಳಿಯುತ್ತಿರುವುದಕ್ಕೆ ಅಗ್ಗದ ಆಮದೇ ಕಾರಣವೆಂಬ ಮಾತು ಉದ್ದಿಮೆ ವಲಯದಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಆಮದಿನ ಪಾಲು ಇಲ್ಲವೆಂದಲ್ಲ. ಆದರೆ ರೋಗದ ಮೂಲ ಬೇರೆ ಕಡೆ ಇದೆ. ಅದನ್ನು ಗುರುತಿಸಬೇಕಾದರೆ ಇಂಡಿಕೇಟರ್ ದೀಪ ಹೇಗೆ ಮಿನುಗುತ್ತದೆ ಎಂಬುದನ್ನು ಸ್ವಲ್ಪ ತಾಳ್ಮೆಯಿಂದ ತಿಳಿಯಬೇಕು. ತಯಾರಕರಲ್ಲಿ ಹಲವರಿಗೆ ಇದು ಗೊತ್ತಿರುವ ವಿಷಯವೇ. ಆದರೆ ಅದನ್ನು ಮಾರುವ ವರ್ತಕರಿಗೂ, ಅದಕ್ಕೆ ಸಾಲ ನೀಡುವ ಬ್ಯಾಂಕಿಗೂ, ಅದರ ಲೆಕ್ಕ ಬರೆಯುವವರಿಗೂ ಗೊತ್ತಿರುವುದು ಕಡಿಮೆ.

ಶಾಖದ ಲೆಕ್ಕ

ಮಿನುಗುವ ತಿರುವು ಸೂಚಕವನ್ನು ಅಮೆರಿಕದ ಬ್ಯೂಕ್ ಸಂಸ್ಥೆ ತನ್ನ 1939ರ ಮಾದರಿಯ ಕಾರಿನಲ್ಲಿ ಅಳವಡಿಸಿತು. ಅದಕ್ಕೆ ಮುನ್ನ ಯೂರೋಪಿನ ಕಾರುಗಳಲ್ಲಿ ಪಕ್ಕದಿಂದ ಹೊರಚಾಚುವ ಸಣ್ಣ ಕೈಗಳಿದ್ದವು. ಭಾರತದಲ್ಲಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 102ನೆಯ ನಿಯಮವು ಈ ದೀಪ ಹಳದಿ ಬಣ್ಣದ್ದಾಗಿರಬೇಕು, ನಿಮಿಷಕ್ಕೆ 60ಕ್ಕಿಂತ ಕಡಿಮೆಯಿಲ್ಲದಂತೆ, 120ಕ್ಕಿಂತ ಹೆಚ್ಚಿಲ್ಲದಂತೆ ಮಿನುಗಬೇಕು ಎಂದು ವಿಧಿಸುತ್ತದೆ. ನಡುವಿನ ಸಂಖ್ಯೆ 90. ಅಂದರೆ ಸೆಕೆಂಡಿಗೆ ಒಂದೂವರೆ ಬಾರಿ. ಇಡೀ ಉದ್ದಿಮೆ ನಿಂತಿರುವುದು ಈ ಒಂದೂವರೆಯ ಮೇಲೆ.

ಹಳೆಯ ಫ್ಲಾಷರಿನಲ್ಲಿ ಈ ಎಣಿಕೆಯನ್ನು ಮಾಡುತ್ತಿದ್ದುದು ಶಾಖ. 12 ವೋಲ್ಟಿನ ಕಾರಿನಲ್ಲಿ ಮುಂದೊಂದು, ಹಿಂದೊಂದು 21 ವ್ಯಾಟಿನ ಬಲ್ಬು ಇರುತ್ತದೆ. ಒಂದು ಬಲ್ಬು 1.75 ಆಂಪಿಯರ್ ಎಳೆದರೆ ಎರಡೂ ಸೇರಿ 3.5 ಆಂಪಿಯರ್. ಈ ವಿದ್ಯುತ್ ಡಬ್ಬಿಯೊಳಗಿನ ತೆಳುವಾದ ಲೋಹದ ಪಟ್ಟಿಯ ಮೂಲಕ ಹರಿದಾಗ ಪಟ್ಟಿ ಬಿಸಿಯಾಗಿ ಹಿಗ್ಗುತ್ತದೆ, ಟಿಕ್ ಎಂದು ಸಿಡಿದು ಸಂಪರ್ಕ ಕಡಿಯುತ್ತದೆ. ತಣ್ಣಗಾದೊಡನೆ ಮತ್ತೆ ಕೂಡುತ್ತದೆ. ಎರಡೇ ಕಾಲು, ಒಂದು ಪಟ್ಟಿ, ಒಂದು ಜೊತೆ ಸಂಪರ್ಕಬಿಂದು. ಇಷ್ಟು ಸರಳವಾದ ಗಡಿಯಾರ ಇನ್ನೊಂದಿಲ್ಲ.

ಸರಳತೆಯ ಬೆಲೆಯೂ ಇತ್ತು. ಬ್ಯಾಟರಿ ಸೊರಗಿದರೆ ಮಿನುಗು ನಿಧಾನವಾಗುತ್ತಿತ್ತು. ಒಂದು ಬಲ್ಬು ಸುಟ್ಟರೆ ಹರಿಯುವ ವಿದ್ಯುತ್ ಅರ್ಧಕ್ಕೆ ಇಳಿದು ಪಟ್ಟಿ ಸಾಕಷ್ಟು ಬಿಸಿಯಾಗದೆ, ಉಳಿದ ಬಲ್ಬು ಸಾಮಾನ್ಯವಾಗಿ ತೀರ ನಿಧಾನವಾಗಿ ಮಿನುಗುತ್ತಿತ್ತು, ಇಲ್ಲವೇ ಮಿನುಗದೆ ಸುಮ್ಮನೆ ಉರಿಯುತ್ತಿತ್ತು. ಟ್ರ್ಯಾಕ್ಟರಿಗೆ ಟ್ರೇಲರ್ ಕಟ್ಟಿ ಇನ್ನೊಂದು ಬಲ್ಬು ಸೇರಿಸಿದರೆ ಅವಸರವಾಗಿ ಮಿನುಗುತ್ತಿತ್ತು. ಆದ್ದರಿಂದ ಬಲ್ಬಿನ ಸಂಖ್ಯೆಗೆ, ವ್ಯಾಟಿಗೆ, 12 ಅಥವಾ 24 ವೋಲ್ಟಿಗೆ ತಕ್ಕಂತೆ ಬೇರೆ ಬೇರೆ ಫ್ಲಾಷರ್ ತಯಾರಿಸಬೇಕಾಗುತ್ತಿತ್ತು, ಮಾರುವವರು ಅಷ್ಟೂ ಬಗೆಯನ್ನು ದಾಸ್ತಾನು ಇಡಬೇಕಾಗುತ್ತಿತ್ತು. ವರ್ತಕರ ಗೊಣಗಾಟಕ್ಕೆ ಕಾರಣವಾದ ಈ ವೈವಿಧ್ಯವೇ ಸಣ್ಣ ತಯಾರಕರನ್ನು ಕಾಪಾಡಿತು ಎಂಬುದು ಬೇರೆ ಮಾತು. ದೊಡ್ಡ ಕಾರ್ಖಾನೆಗಳಿಗೆ ಅಷ್ಟು ಸಣ್ಣ ಸಣ್ಣ ಬ್ಯಾಚುಗಳಲ್ಲಿ ಆಸಕ್ತಿ ಇರಲಿಲ್ಲ.

ಎಲೆಕ್ಟ್ರಾನಿಕ್ ಫ್ಲಾಷರ್ ಬಂದಾಗ

ಎಲೆಕ್ಟ್ರಾನಿಕ್ ಫ್ಲಾಷರಿನಲ್ಲಿ ಶಾಖದ ಕೆಲಸವನ್ನು ಎಂಟು ಕಾಲಿನ ಒಂದು ಐಸಿ ವಹಿಸಿಕೊಂಡಿತು. ಒಂದು ರೆಸಿಸ್ಟರ್ ಮೂಲಕ ಒಂದು ಕೆಪಾಸಿಟರ್ ತುಂಬುತ್ತದೆ, ಬರಿದಾಗುತ್ತದೆ. ಈ ತುಂಬುವ ಬರಿದಾಗುವ ಅವಧಿಯೇ ಮಿನುಗಿನ ವೇಗ. ಐಸಿ ಒಂದು ಪುಟ್ಟ ರಿಲೇಯನ್ನು ಎಳೆದು ಬಿಡುತ್ತದೆ, ರಿಲೇಯ ಸಂಪರ್ಕಬಿಂದುಗಳು ಬಲ್ಬಿನ ಭಾರ ಹೊರುತ್ತವೆ. ಚಾಲಕನಿಗೆ ಕೇಳುವ ಟಿಕ್ ಟಿಕ್ ಸದ್ದು ಈ ರಿಲೇಯದು. ಬಲ್ಬು ಒಂದಿರಲಿ, ಮೂರಿರಲಿ, ಲೋಡಿನಿಂದಾಗಿ ಮಿನುಗಿನ ವೇಗ ಕದಲುವುದಿಲ್ಲ.

ಹಾಗಾದರೆ ಬಲ್ಬು ಸುಟ್ಟದ್ದು ಚಾಲಕನಿಗೆ ತಿಳಿಯುವುದು ಹೇಗೆ? ಇಲ್ಲಿಯೇ ಈ ಬಿಡಿಭಾಗದ ನಿಜವಾದ ಜಾಣ್ಮೆ ಇದೆ. ಬಲ್ಬಿಗೆ ಹೋಗುವ ದಾರಿಯಲ್ಲಿ ಅತ್ಯಲ್ಪ ಪ್ರತಿರೋಧದ ಒಂದು ಲೋಹದ ತುಂಡು, ಅಂದರೆ ಷಂಟ್, ಇರಿಸಲಾಗುತ್ತದೆ. ಅದರ ಪ್ರತಿರೋಧ 20 ಮಿಲಿಓಮ್ ಎಂದು ಹಿಡಿದರೆ 3.5 ಆಂಪಿಯರ್ ಹರಿಯುವಾಗ ಅದರ ಎರಡು ತುದಿಗಳ ನಡುವೆ 70 ಮಿಲಿವೋಲ್ಟ್ ಉಂಟಾಗುತ್ತದೆ. ಒಂದು ಬಲ್ಬು ಸುಟ್ಟಾಗ ಅದು 35ಕ್ಕೆ ಇಳಿಯುತ್ತದೆ. ಐಸಿಯೊಳಗಿನ ಹೋಲಿಕೆ ಘಟಕವು ಈ ಎರಡರ ನಡುವೆ ಒಂದು ಗೆರೆ ಎಳೆದುಕೊಂಡು ಕುಳಿತಿರುತ್ತದೆ. ವೋಲ್ಟೇಜ್ ಗೆರೆಗಿಂತ ಕೆಳಗಿಳಿದರೆ ಮಿನುಗು ಹೆಚ್ಚು ಕಡಿಮೆ ಇಮ್ಮಡಿಯಾಗುತ್ತದೆ. ಇಂಡಿಕೇಟರ್ ಅವಸರ ಮಾಡುತ್ತಿದೆ ಎಂದು ಚಾಲಕರು ದೂರುವಾಗ ಬಹುಮಟ್ಟಿಗೆ ಕೆಟ್ಟಿರುವುದು ಫ್ಲಾಷರ್ ಅಲ್ಲ, ಬಲ್ಬು. ಫ್ಲಾಷರ್ ತನ್ನ ಕರ್ತವ್ಯವನ್ನು ಮಾಡುತ್ತಿರುತ್ತದೆ. ಅಂತಹ ಎಷ್ಟು ಒಳ್ಳೆಯ ಫ್ಲಾಷರುಗಳು ವಾರಂಟಿಯ ಹೆಸರಿನಲ್ಲಿ ತಯಾರಕರಿಗೆ ಹಿಂದಿರುಗಿವೆಯೋ!

ಇನ್ನೊಂದು ಸೂಕ್ಷ್ಮವಿದೆ. ತಣ್ಣಗಿರುವ ಬಲ್ಬಿನ ತಂತಿಯ ಪ್ರತಿರೋಧ ಉರಿಯುವಾಗಿನ ಪ್ರತಿರೋಧದ ಸುಮಾರು ಹತ್ತನೆಯ ಒಂದು ಭಾಗ ಮಾತ್ರ. ಆದ್ದರಿಂದ ಪ್ರತಿ ಮಿನುಗಿನ ಮೊದಲ ಕ್ಷಣದಲ್ಲಿ ವಿದ್ಯುತ್ ಹಲವು ಪಟ್ಟು ನುಗ್ಗುತ್ತದೆ. ಆ ನುಗ್ಗು ಕಳೆಯುವವರೆಗೆ ಐಸಿ ಅಳೆಯದೆ ಕಾಯಬೇಕು, ರಿಲೇಯ ಸಂಪರ್ಕಬಿಂದುಗಳು ಬೆಸೆದುಕೊಳ್ಳದಂತೆ ತಡೆಯಬೇಕು. ಒಂದು ಲಾರಿ ದಿನಕ್ಕೆ ಒಟ್ಟು ಅರ್ಧ ಗಂಟೆ ಇಂಡಿಕೇಟರ್ ಬಳಸುತ್ತದೆ ಎಂದು ಭಾವಿಸಿದರೂ ದಿನಕ್ಕೆ 2,700 ಮಿನುಗು. ವರ್ಷಕ್ಕೆ 300 ದಿನ ಓಡಿದರೆ 8,10,000. ಸಂಪರ್ಕಬಿಂದುವಿನ ಬೆಳ್ಳಿ ಮಿಶ್ರಲೋಹದಲ್ಲಿ ಉಳಿತಾಯ ಮಾಡುವವರು ಈ ಸಂಖ್ಯೆಯನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ನಾಲ್ಕೂ ದೀಪ ಒಟ್ಟಿಗೆ

ಡಬಲ್ ಇಂಡಿಕೇಟರ್ ಎಂದು ಚಾಲಕರು ಕರೆಯುವ ಅಪಾಯ ಸೂಚಕ ದೀಪಕ್ಕೆ ಪ್ರತ್ಯೇಕ ಬಲ್ಬುಗಳಿಲ್ಲ. ಡ್ಯಾಷ್‌ಬೋರ್ಡಿನ ಕೆಂಪು ತ್ರಿಕೋನದ ಗುಂಡಿಯನ್ನು ಒತ್ತಿದಾಗ ಎಡ ಬಲ ಎರಡೂ ಸಾಲುಗಳು ಒಂದೇ ಫ್ಲಾಷರಿಗೆ ಕೂಡುತ್ತವೆ. ನಾಲ್ಕು ಬಲ್ಬು, 84 ವ್ಯಾಟ್, 12 ವೋಲ್ಟಿನಲ್ಲಿ 7 ಆಂಪಿಯರ್. ಆದ್ದರಿಂದ ಫ್ಲಾಷರಿನ ಸಂಪರ್ಕಬಿಂದುಗಳನ್ನು ತಿರುವು ಸೂಚಕದ ಲೋಡಿಗಲ್ಲ, ಇದರ ಇಮ್ಮಡಿ ಲೋಡಿಗೆ ರೂಪಿಸಬೇಕು. ತಿರುವು ಸೂಚಕಕ್ಕೆ ವಿದ್ಯುತ್ ಬರುವುದು ಸಾಮಾನ್ಯವಾಗಿ ಕೀಲಿ ತಿರುಗಿಸಿದ ಮೇಲೆ. ಅಪಾಯ ಸೂಚಕಕ್ಕೆ ಮಾತ್ರ ಬ್ಯಾಟರಿಯಿಂದ ನೇರವಾಗಿ, ಬೇರೆ ಫ್ಯೂಸ್ ಮೂಲಕ ಬರುತ್ತದೆ. ಕೆಟ್ಟು ನಿಂತ ವಾಹನದ ಕೀಲಿ ಚಾಲಕನ ಜೇಬಿನಲ್ಲಿದ್ದರೂ ದೀಪ ಮಿನುಗುತ್ತಿರಬೇಕೆಂಬುದೇ ಇದರ ಉದ್ದೇಶ. ಅರ್ಧ ಕಾಲ ಉರಿದು ಅರ್ಧ ಕಾಲ ಆರುವುದರಿಂದ ಸರಾಸರಿ 3.5 ಆಂಪಿಯರ್ ಬಳಕೆ. 35 ಆಂಪಿಯರ್-ಗಂಟೆಯ ಬ್ಯಾಟರಿ ಲೆಕ್ಕದ ಪ್ರಕಾರ ಹತ್ತು ಗಂಟೆ ನಡೆಸಬೇಕು, ಹಳೆಯ ಬ್ಯಾಟರಿ ಅದಕ್ಕಿಂತ ಬಹಳ ಮುಂಚೆಯೇ ಕೈ ಎತ್ತುತ್ತದೆ.

ಸರಕು ಸಾಗಣೆಯ ವಾಹನಗಳನ್ನು ಹೊಂದಿರುವ ವರ್ತಕರು ಇಲ್ಲಿ ಒಂದು ಮಾತನ್ನು ಗಮನಿಸಬೇಕು. ನಾಲ್ಕು ರಸ್ತೆ ಕೂಡುವಲ್ಲಿ ನೇರ ಹೋಗುವುದನ್ನು ಸೂಚಿಸಲು ಅಪಾಯ ಸೂಚಕ ಹಾಕುವ ಅಭ್ಯಾಸ ನಾಡಿನ ಚಾಲಕರಲ್ಲಿ ಬೇರೂರಿದೆ. ಮಳೆಯಲ್ಲಿ ಓಡುತ್ತಲೇ ಹಾಕುವವರೂ ಇದ್ದಾರೆ. ಎರಡೂ ಸಾಲು ಒಂದೇ ಫ್ಲಾಷರಿಗೆ ಕೂಡಿರುವಾಗ ತಿರುವಿನ ಲಿವರ್ ಎಳೆದರೂ ಬಹುತೇಕ ವಾಹನಗಳಲ್ಲಿ ಏನೂ ಬದಲಾಗುವುದಿಲ್ಲ. ಎಡ ಬದಿಯಿಂದ ನೋಡುವ ಸ್ಕೂಟರ್ ಸವಾರನಿಗೆ ಲಾರಿಯ ಎಡ ದೀಪ ಮಾತ್ರ ಕಾಣುತ್ತದೆ. ಲಾರಿ ಎಡಕ್ಕೆ ತಿರುಗುತ್ತದೆ ಎಂದೇ ಆತ ಭಾವಿಸುತ್ತಾನೆ. ಇದು ಚಾಲಕರ ಅಶಿಸ್ತಿಗಿಂತ ಹೆಚ್ಚಾಗಿ ಮಾಲೀಕರು ತಿಳಿಹೇಳದಿರುವುದರ ಫಲ.

ರೆಸಿಸ್ಟರ್ ಎಂಬ ಅಡ್ಡದಾರಿ

ಬಲ್ಬಿನ ಜಾಗಕ್ಕೆ ಎಲ್‌ಇಡಿ ಬಂದುದು ಈ ಕಥೆಯ ತಿರುವು. 21 ವ್ಯಾಟಿನ ಬಲ್ಬಿನ ಕೆಲಸವನ್ನು ಎಲ್‌ಇಡಿ 3ರಿಂದ 5 ವ್ಯಾಟಿನಲ್ಲಿ ಮುಗಿಸುತ್ತದೆ. ಹರಿಯುವ ವಿದ್ಯುತ್ ಒಂದು ಆಂಪಿಯರಿನ ಕಾಲು ಭಾಗದ ಆಸುಪಾಸು. ಬಲ್ಬಿನ ಲೋಡಿಗೆ ರೂಪಿಸಿದ ಫ್ಲಾಷರ್ ಇದನ್ನು ಕಂಡು ಬಲ್ಬು ಸುಟ್ಟಿದೆ ಎಂದೇ ತೀರ್ಮಾನಿಸುತ್ತದೆ, ಅವಸರವಾಗಿ ಮಿನುಗಿಸುತ್ತದೆ. ಹಳೆಯ ಶಾಖದ ಫ್ಲಾಷರ್ ಆದರೆ ಮಿನುಗುವುದೇ ಇಲ್ಲ.

ಇದಕ್ಕೆ ಮಾರುಕಟ್ಟೆ ಕಂಡುಕೊಂಡ ಪರಿಹಾರ, ಎಲ್‌ಇಡಿಯ ಪಕ್ಕದಲ್ಲಿ ಒಂದು ಲೋಡ್ ರೆಸಿಸ್ಟರ್ ಕಟ್ಟುವುದು. ಚಿನ್ನದ ಬಣ್ಣದ ಅಲ್ಯೂಮಿನಿಯಂ ಕವಚದ, 6 ಓಮಿನ, 50 ವ್ಯಾಟ್ ಎಂದು ಅಚ್ಚು ಹಾಕಿದ ಈ ತುಂಡು 12 ವೋಲ್ಟಿನಲ್ಲಿ 2 ಆಂಪಿಯರ್ ಎಳೆದು 24 ವ್ಯಾಟ್ ಶಾಖವನ್ನು ಹೊರಹಾಕುತ್ತದೆ. ವಿದ್ಯುತ್ ಉಳಿಸಲೆಂದು ಎಲ್‌ಇಡಿ ಹಾಕಿ, ಉಳಿಸಿದ್ದಕ್ಕಿಂತ ಹೆಚ್ಚನ್ನು ಕಾಯಿಸಿ ಕಳೆಯುವ ಈ ವ್ಯವಸ್ಥೆಗೆ ಯಾವ ಲೆಕ್ಕಪತ್ರದಲ್ಲೂ ಸಮರ್ಥನೆ ಸಿಗದು. ನಷ್ಟ ಅಷ್ಟಕ್ಕೇ ನಿಲ್ಲುವುದಿಲ್ಲ. ಎಲ್‌ಇಡಿ ಕೆಟ್ಟರೂ ರೆಸಿಸ್ಟರ್ ವಿದ್ಯುತ್ ಎಳೆಯುತ್ತಲೇ ಇರುವುದರಿಂದ ಫ್ಲಾಷರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಚಾಲಕನ ಡ್ಯಾಷ್‌ಬೋರ್ಡಿನಲ್ಲಿ ಬಾಣ ಸರಿಯಾದ ವೇಗದಲ್ಲಿ ಮಿನುಗುತ್ತದೆ, ಹಿಂದಿನ ದೀಪ ಕತ್ತಲಾಗಿರುತ್ತದೆ. ಷಂಟಿನ ಆ 35 ಮಿಲಿವೋಲ್ಟಿನ ಎಚ್ಚರಿಕೆಯನ್ನು ಹಣ ಕೊಟ್ಟು ಬಾಯಿ ಮುಚ್ಚಿಸಿದಂತೆ. ಜೊತೆಗೆ, ಬಂಪರಿನ ಪ್ಲಾಸ್ಟಿಕ್ಕಿಗೆ ತಾಗಿಸಿ ಟೇಪು ಸುತ್ತಿದ ರೆಸಿಸ್ಟರ್ ಅಪಾಯ ಸೂಚಕ ಹಾಕಿ ಗಂಟೆಗಟ್ಟಲೆ ನಿಂತ ವಾಹನದಲ್ಲಿ ಏನು ಮಾಡೀತೆಂದು ಊಹಿಸುವುದು ಕಷ್ಟವಲ್ಲ.

ಸರಿಯಾದ ದಾರಿ ಇದೆ, ಅಗ್ಗವೂ ಆಗಿದೆ: ಮೂರನೆಯ ಕಾಲು, ಅಂದರೆ ಅರ್ಥ್ ಸಂಪರ್ಕ ಇರುವ ಎಲ್‌ಇಡಿ ಫ್ಲಾಷರ್. ಎರಡು ಕಾಲಿನ ಎಲೆಕ್ಟ್ರಾನಿಕ್ ಫ್ಲಾಷರ್ ತನ್ನ ಸ್ವಂತ ವಿದ್ಯುತ್ತನ್ನು ಬಲ್ಬಿನ ಮೂಲಕವೇ ಪಡೆಯಬೇಕಾಗುತ್ತದೆ, ಎಲ್‌ಇಡಿಯ ಮೂಲಕ ಅದು ನೆಚ್ಚಿಕೆಯಿಂದ ಬರುವುದಿಲ್ಲ. ಮೂರನೆಯ ಕಾಲು ಆ ತೊಂದರೆಯನ್ನು ನೀಗಿಸುತ್ತದೆ. ಆದರೆ ಇದರಲ್ಲಿಯೂ ಒಂದು ಕಪಟ ನುಸುಳಿದೆ. ಮಾರುಕಟ್ಟೆಯ ಅನೇಕ ಎಲ್‌ಇಡಿ ಫ್ಲಾಷರುಗಳು ದೀಪ ಕೆಟ್ಟದ್ದನ್ನು ಗುರುತಿಸುವ ಗೊಡವೆಗೇ ಹೋಗುವುದಿಲ್ಲ. ಷಂಟ್ ಇಲ್ಲ, ಹೋಲಿಕೆ ಇಲ್ಲ, ಬರಿಯ ಮಿನುಗು ಇದೆ. ದೀಪ ಕೆಟ್ಟರೆ ಚಾಲಕನಿಗೆ ತಿಳಿಯುವಂತಿರಬೇಕೆಂಬುದು ವಿಶ್ವಸಂಸ್ಥೆಯ 48ನೆಯ ವಾಹನ ನಿಯಮಾವಳಿಯ ಆಶಯ; ನಾಲ್ಕು ಚಕ್ರದ ವಾಹನಗಳ ದೀಪ ಜೋಡಣೆಗೆ ಸಂಬಂಧಿಸಿದ ಭಾರತದ ಎಐಎಸ್-008 ಮಾನಕವೂ ಅದೇ ಕುಟುಂಬಕ್ಕೆ ಸೇರಿದ್ದು.

ಬಲ್ಬಿನ ವಿಷಯವೂ ಹೀಗೆಯೇ. ಹಳದಿ ಗಾಜಿನ ಬಲ್ಬಿನ ಎರಡು ಪಿನ್ನುಗಳನ್ನು ಬಿಳಿ ಬಲ್ಬಿನಂತೆ ಎದುರು ಬದುರಾಗಿ ಇಡದೆ ಬೇಕೆಂದೇ ಓರೆಯಾಗಿ ಇಟ್ಟಿರುತ್ತಾರೆ, ಬಿಳಿ ಗಾಜಿನ ದೀಪದೊಳಗೆ ಯಾರೂ ಬಿಳಿ ಬಲ್ಬನ್ನು ಕೂಡಿಸದಿರಲೆಂದು. ಪಿನ್ನನ್ನು ಉಜ್ಜಿ ಕೂಡಿಸಿಕೊಡುವ ಅಂಗಡಿಗಳಿಗೆ ಬರವಿಲ್ಲ.

ಗ್ರಾಹಕರು ಕೇಳುತ್ತಾರೆ, ಕೊಡುತ್ತೇವೆ ಎಂಬ ವಾದ ಇನ್ನು ಮುಂದೆ ವರ್ತಕರನ್ನು ಕಾಯಲಾರದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಉತ್ಪನ್ನ ಹೊಣೆಗಾರಿಕೆಯ ಅಧ್ಯಾಯವು ತಯಾರಕರನ್ನು ಮಾತ್ರವಲ್ಲದೆ, ಉತ್ಪನ್ನವನ್ನು ಮಾರ್ಪಡಿಸಿದ ಮಾರಾಟಗಾರರನ್ನೂ ಆ ಮಾರ್ಪಾಡೇ ಹಾನಿಗೆ ಮುಖ್ಯ ಕಾರಣವಾಗಿದ್ದಲ್ಲಿ ಹೊಣೆ ಮಾಡುತ್ತದೆ. ಅದೇ ವರ್ಷ ಮೋಟಾರು ವಾಹನ ಕಾಯಿದೆಗೆ ಸೇರಿದ 182ಎ ಕಲಮು, ಸರ್ಕಾರ ನಿರ್ಣಾಯಕ ಸುರಕ್ಷತಾ ಭಾಗವೆಂದು ಅಧಿಸೂಚಿಸಿದ ಬಿಡಿಭಾಗವನ್ನು ಮಾನಕಕ್ಕೆ ಹೊಂದದಂತೆ ಮಾರಿದರೆ ಪ್ರತಿ ಬಿಡಿಭಾಗಕ್ಕೆ ಒಂದು ಲಕ್ಷ ರೂಪಾಯಿ ದಂಡ, ಒಂದು ವರ್ಷದವರೆಗಿನ ಸೆರೆ, ಅಥವಾ ಎರಡನ್ನೂ ವಿಧಿಸುತ್ತದೆ. ದೀಪ ಸಾಧನಗಳು ಆ ಪಟ್ಟಿಯಲ್ಲಿ ಯಾವಾಗ, ಎಷ್ಟರ ಮಟ್ಟಿಗೆ ಸೇರುತ್ತವೆ ಎಂದು ಕಾಯುತ್ತ ಕೂರುವುದಕ್ಕಿಂತ ಕೌಂಟರಿನಿಂದ ರೆಸಿಸ್ಟರನ್ನು ತೆಗೆದಿಡುವುದು ಸುಲಭ.

ವಸ್ತು ಹೋಗಿ ಕಾರ್ಯ ಉಳಿದಾಗ

ಈಗ ಮೂಲ ಪ್ರಶ್ನೆಗೆ. ಹೊಸ ಕಾರುಗಳಲ್ಲಿ ತಿರುವಿನ ಲಿವರಿನ ಮೂಲಕ ಬಲ್ಬಿನ ವಿದ್ಯುತ್ ಹರಿಯುವುದೇ ಇಲ್ಲ. ಲಿವರ್ ಕಳುಹಿಸುವುದು ಕೆಲವೇ ಮಿಲಿಆಂಪಿಯರಿನ ಒಂದು ಸಂಕೇತವನ್ನು. ಬಾಡಿ ಕಂಟ್ರೋಲ್ ಮಾಡ್ಯೂಲ್ ಎಂಬ ಪೆಟ್ಟಿಗೆಯೊಳಗಿನ ಮೈಕ್ರೋಕಂಟ್ರೋಲರ್ ಅದನ್ನು ಓದಿ, ಮಾಸ್‌ಫೆಟ್ ಸ್ವಿಚ್ಚುಗಳ ಮೂಲಕ ದೀಪಗಳನ್ನು ಉರಿಸಿ ಆರಿಸುತ್ತದೆ. ಆ ಸ್ವಿಚ್ಚುಗಳೇ ತಮ್ಮ ಮೂಲಕ ಹರಿಯುವ ವಿದ್ಯುತ್ತನ್ನು ಅಳೆದು ವರದಿ ಮಾಡುತ್ತವೆ. ಲಿವರನ್ನು ಒಮ್ಮೆ ತಟ್ಟಿದರೆ ಮೂರು ಬಾರಿ ಮಿನುಗುವುದು, ಅಪಘಾತದಲ್ಲಿ ಏರ್‌ಬ್ಯಾಗ್ ತೆರೆದೊಡನೆ ನಾಲ್ಕೂ ದೀಪ ತಾವಾಗಿಯೇ ಮಿನುಗುವುದು, ಇವೆಲ್ಲ ಕೆಲವು ಸಾಲುಗಳ ಪ್ರೋಗ್ರಾಂ ಅಷ್ಟೆ. ರಿಲೇ ಇಲ್ಲವಾದ್ದರಿಂದ ಸದ್ದೂ ಇಲ್ಲ. ಚಾಲಕರಿಗೆ ಅಭ್ಯಾಸವಾಗಿರುವ ಟಿಕ್ ಟಿಕ್ ಅನ್ನು ಸ್ಪೀಕರಿನಿಂದ ಕೃತಕವಾಗಿ ಹೊರಡಿಸಲಾಗುತ್ತದೆ. ಸತ್ತುಹೋದ ಬಿಡಿಭಾಗದ ದನಿಯನ್ನು ಮಾತ್ರ ಉಳಿಸಿಕೊಂಡಂತೆ.

ಅಂದರೆ ಫ್ಲಾಷರಿಗೆ ಎದುರಾಳಿಯಾಗಿರುವುದು ಇನ್ನೊಂದು ದೇಶದ ಫ್ಲಾಷರ್ ಅಲ್ಲ. ಬೇರೆ ಕಾರಣಗಳಿಗಾಗಿ ವಾಹನದಲ್ಲಿ ಹೇಗೂ ಇರುವ ಒಂದು ಪೆಟ್ಟಿಗೆಯಲ್ಲಿ ಈ ಕೆಲಸಕ್ಕೆ ತಗಲುವ ಹೆಚ್ಚುವರಿ ವೆಚ್ಚ ಅತ್ಯಲ್ಪ. ಅದರೊಡನೆ ಬೆಲೆಯಲ್ಲಿ ಸ್ಪರ್ಧಿಸುವುದು ಯಾವ ತಯಾರಕರಿಗೂ ಸಾಧ್ಯವಿಲ್ಲ. ಆಮದು ಸುಂಕ ಏರಿಸಿ ಎಂದು ಮನವಿ ಸಲ್ಲಿಸುವುದರಿಂದ ಹೊಸ ಕಾರಿನ ಒಂದು ಆರ್ಡರೂ ಹಿಂದಿರುಗಲಾರದು. ತೆರಿಗೆಯಲ್ಲಿ ದೊರೆತ ಸಮಾಧಾನಕ್ಕೂ ಇದೇ ಮಿತಿ. 2017ರ ಜುಲೈನಿಂದ 28ರಷ್ಟಿದ್ದ ವಾಹನ ದೀಪ ಮತ್ತು ಸಂಕೇತ ಸಾಧನಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡ 18ಕ್ಕೆ ಇಳಿಯಿತು. ಬದಲಿ ಬಿಡಿಭಾಗದ ಮಾರುಕಟ್ಟೆಗೆ, ಅದರಲ್ಲೂ ಬಿಲ್ಲಿನಲ್ಲಿಯೇ ವ್ಯಾಪಾರ ಮಾಡುವವರಿಗೆ, ಇದರಿಂದ ಲಾಭವಾಯಿತು. ಇಲ್ಲವಾಗುತ್ತಿರುವ ಬೇಡಿಕೆಯನ್ನು ತೆರಿಗೆ ದರ ಹುಟ್ಟಿಸುವುದಿಲ್ಲ.

ಉಳಿದಿರುವ ನೆಲ ಸಣ್ಣದೇನಲ್ಲ. ರಸ್ತೆಯಲ್ಲಿರುವ ಹಳೆಯ ವಾಹನಗಳಿಗೆ ಇನ್ನೂ ಹಲವು ವರ್ಷ ಬದಲಿ ಫ್ಲಾಷರ್ ಬೇಕು. ಸರಕು ವಾಹನಗಳ ಫಿಟ್‌ನೆಸ್ ಪರೀಕ್ಷೆಯಲ್ಲಿ ದೀಪಗಳ ತಪಾಸಣೆ ಇದ್ದೇ ಇದೆ. ಟ್ರ್ಯಾಕ್ಟರ್, ಟ್ರೇಲರ್, ತ್ರಿಚಕ್ರ ವಾಹನಗಳು ಪೂರ್ಣವಾಗಿ ಪೆಟ್ಟಿಗೆಯ ಯುಗಕ್ಕೆ ಬಂದಿಲ್ಲ. ಬಸ್ ಬಾಡಿ ಕಟ್ಟುವ ಘಟಕಗಳು ಚಾಸಿಯ ಮೇಲೆ ತಮ್ಮದೇ ವೈರಿಂಗ್ ಎಳೆಯುತ್ತವೆ, ಬಸ್ ಬಾಡಿಯ ಎಐಎಸ್-052 ಮಾನಕವನ್ನು ಪಾಲಿಸಬೇಕಾದ ಅವುಗಳಿಗೆ 24 ವೋಲ್ಟಿನ, ಎಲ್‌ಇಡಿಗೆ ಒಗ್ಗುವ, ಕೆಟ್ಟ ದೀಪವನ್ನು ನಿಜವಾಗಿ ಗುರುತಿಸುವ ಫ್ಲಾಷರ್ ಅಗತ್ಯ. ಎಲ್‌ಇಡಿ ದೀಪದೊಳಗೇ ಇರಬೇಕಾದ ಚಾಲಕ ಸರ್ಕ್ಯೂಟ್ ಇನ್ನೊಂದು ಅವಕಾಶ. ಸಾಲಿನಲ್ಲಿರುವ ಎಲ್‌ಇಡಿಗಳಲ್ಲಿ ಕೆಲವು ಮಾತ್ರ ಕೆಟ್ಟಾಗ ಹರಿಯುವ ವಿದ್ಯುತ್ತಿನಲ್ಲಿ ವ್ಯತ್ಯಾಸ ಅಲ್ಪವಾದುದರಿಂದ ಹೊರಗಿನ ಫ್ಲಾಷರ್ ಅದನ್ನು ಪತ್ತೆ ಮಾಡಲಾರದು. ದೀಪವೇ ತನ್ನ ದೋಷವನ್ನು ಹೇಳಿಕೊಳ್ಳಬೇಕು. ಹತ್ತು ವರ್ಷ ಷಂಟ್ ಮತ್ತು ಮಿಲಿವೋಲ್ಟಿನೊಡನೆ ಪಳಗಿದ ಕಾರ್ಖಾನೆಗೆ ಇದು ಹೊರಗಿನ ವಿದ್ಯೆಯಲ್ಲ.

ಮೂರು ರೂಪಾಯಿಯ ಪ್ರಶ್ನೆ

ಆದರೆ ಈ ನೆಲದಲ್ಲಿ ನಿಲ್ಲಬೇಕಾದರೆ ಗುಣಮಟ್ಟದ ಲೆಕ್ಕವನ್ನು ಬೇರೆ ರೀತಿಯಲ್ಲಿ ಹಾಕಬೇಕು. ವಾಹನದ ಆಲ್ಟರ್ನೇಟರ್ ಜೋರಾಗಿ ಚಾರ್ಜ್ ಮಾಡುತ್ತಿರುವಾಗ ಬ್ಯಾಟರಿಯ ಟರ್ಮಿನಲ್ ಸಡಿಲವಾಗಿ ಕಳಚಿದರೆ, ತಡೆಯಿಲ್ಲದ 12 ವೋಲ್ಟಿನ ವ್ಯವಸ್ಥೆಯಲ್ಲಿಯೂ ಕ್ಷಣಕಾಲ 80 ವೋಲ್ಟ್ ಮೀರಿದ ಅಲೆ ಏಳಬಹುದು. ಅದನ್ನು ಹೀರಿಕೊಳ್ಳುವ ರಕ್ಷಣಾ ಡಯೋಡು ಕೆಲವೇ ರೂಪಾಯಿಯದು. ಅಗ್ಗದ ಫ್ಲಾಷರ್ ಬಿಚ್ಚಿ ನೋಡಿದರೆ ಹಲವು ಬಾರಿ ಬೋರ್ಡಿನ ಮೇಲೆ ಅದರ ಜಾಗ ಇರುತ್ತದೆ, ಡಯೋಡ್ ಇರುವುದಿಲ್ಲ.

ಉದಾಹರಣೆಗೆ, 60 ರೂಪಾಯಿಗೆ ಮಾರುವ ಫ್ಲಾಷರಿನಲ್ಲಿ ಸಾಮಗ್ರಿ 38, ಕೂಲಿ ಮತ್ತು ಮೇಲ್ವೆಚ್ಚ 14, ಉಳಿಯುವುದು 8 ರೂಪಾಯಿ ಎಂದು ಭಾವಿಸಬಹುದು. 10,000 ಫ್ಲಾಷರಿಗೆ 80,000 ರೂಪಾಯಿ ಲಾಭ. ಇವುಗಳಲ್ಲಿ ನೂರಕ್ಕೆ ಎರಡು ಹಿಂದಿರುಗಿದರೆ 200. ಒಂದು ಹಿಂದಿರುಗಿದ್ದರ ವೆಚ್ಚ 60 ರೂಪಾಯಿ ಅಲ್ಲ. ಬದಲಿ ಮಾಲು, ಹೋಗಿ ಬರುವ ಸಾಗಣೆ, ಕ್ರೆಡಿಟ್ ನೋಟು, ಪರೀಕ್ಷೆ ಎಲ್ಲ ಸೇರಿ 200 ರೂಪಾಯಿ ಎಂದು ಹಿಡಿದರೆ 40,000. ಲಾಭದ ಅರ್ಧ ಅಲ್ಲಿಗೇ ಕರಗಿತು. ಈಗ 3 ರೂಪಾಯಿಯ ರಕ್ಷಣೆ ಸೇರಿಸಿ ಹಿಂದಿರುಗುವಿಕೆ ನೂರಕ್ಕೆ ಅರ್ಧಕ್ಕೆ ಇಳಿಯಿತು ಎನ್ನಬಹುದು. ರಕ್ಷಣೆಗೆ 30,000, ಹಿಂದಿರುಗಿದ 50ಕ್ಕೆ 10,000, ಒಟ್ಟು ಮತ್ತೆ 40,000. ಕಾಗದದ ಮೇಲೆ ಎರಡೂ ಸಮ. ಹೀಗಿರುವಾಗ ಏಕೆ ತಲೆ ಕೆಡಿಸಿಕೊಳ್ಳಬೇಕೆಂದು ಮಾಲೀಕರು ಕೇಳುವುದು ಸಹಜವೇ. ಉತ್ತರ ಲೆಡ್ಜರಿನಲ್ಲಿ ಸಿಗುವುದಿಲ್ಲ. 60 ರೂಪಾಯಿಯ ಮಾಲು ಕೆಟ್ಟಾಗ ಎಷ್ಟೋ ಮಂದಿ ಹಿಂದಿರುಗಿಸುವ ಗೋಜಿಗೇ ಹೋಗದೆ ಮುಂದಿನ ಬಾರಿ ಬೇರೆ ಹೆಸರಿನ ಡಬ್ಬಿ ಕೊಳ್ಳುತ್ತಾರೆ. ಆ ನಷ್ಟಕ್ಕೆ ವೋಚರ್ ಇರುವುದಿಲ್ಲ. ವಾಹನ ಕಂಪನಿಯ ಪೂರೈಕೆದಾರರ ಪಟ್ಟಿಗೆ ಸೇರಬೇಕೆಂದಿರುವವರಿಗಂತೂ ನೂರಕ್ಕೆ ಎರಡು ಎಂಬುದು ಬಾಗಿಲಲ್ಲೇ ತಿರಸ್ಕೃತವಾಗುವ ಸಂಖ್ಯೆ.

ದಾಸ್ತಾನಿನ ವಿಷಯದಲ್ಲೂ ಕಣ್ಣು ಮುಚ್ಚಿಕೊಳ್ಳುವುದು ನಡೆದಿದೆ. ಶಾಖದ ಫ್ಲಾಷರಿನ ಪಟ್ಟಿ, ಕವಚ, ಯಾವುದೋ ನಿಂತುಹೋದ ಮಾದರಿಯ ಬ್ರಾಕೆಟ್ ಇವುಗಳನ್ನು ವರ್ಷ ವರ್ಷವೂ ಕೊಂಡ ಬೆಲೆಗೇ ದಾಸ್ತಾನು ಪಟ್ಟಿಗೆ ಸೇರಿಸುವವರಿದ್ದಾರೆ. ಕೊಂಡ ಬೆಲೆ ಮತ್ತು ಮಾರಿದರೆ ನಿವ್ವಳ ದೊರೆಯುವ ಬೆಲೆ, ಇವೆರಡರಲ್ಲಿ ಕಡಿಮೆಯಾದುದನ್ನೇ ಹಿಡಿಯಬೇಕೆಂದು ಲೆಕ್ಕಪತ್ರ ಮಾನಕ 2 ಹೇಳುತ್ತದೆ. ಬ್ಯಾಂಕಿನ ಡ್ರಾಯಿಂಗ್ ಪವರ್ ಇಳಿಯುತ್ತದೆ ಎಂಬ ಭಯದಿಂದ ಸತ್ತ ಸರಕಿಗೆ ಬೆಲೆ ಕಟ್ಟಿದರೆ, ಇಲ್ಲದ ಲಾಭಕ್ಕೆ ತೆರಿಗೆ ಕಟ್ಟಿ, ಇಲ್ಲದ ಆಸ್ತಿಯ ಮೇಲೆ ಬಡ್ಡಿ ಕಟ್ಟಿದಂತಾಗುತ್ತದೆ. ಹೊಸ ಉತ್ಪನ್ನಕ್ಕೆ ಬೇಕಾದ ಹಣ ಅಲ್ಲಿಯೇ ಸಿಕ್ಕಿಬಿದ್ದಿರುತ್ತದೆ. ಇನ್ನೊಂದಷ್ಟು ಹಣ ಬಾಕಿದಾರರಲ್ಲಿರುತ್ತದೆ. 2006ರ ಎಂಎಸ್‌ಎಂಇ ಕಾಯಿದೆಯು ಲಿಖಿತ ಒಪ್ಪಂದವಿದ್ದರೂ ಪಾವತಿಗೆ 45 ದಿನಗಳ ಮಿತಿ ಹಾಕಿದೆ. ಮಿತಿ ಮೀರಿದ ಬಾಕಿಯನ್ನು ಪಾವತಿಸುವವರೆಗೆ ಕೊಂಡವರು ತಮ್ಮ ಆದಾಯ ತೆರಿಗೆ ಲೆಕ್ಕದಲ್ಲಿ ವೆಚ್ಚವೆಂದು ಕಳೆಯುವಂತಿಲ್ಲ ಎಂಬ ಬಿಗಿಯನ್ನು 2023ರ ಹಣಕಾಸು ಕಾಯಿದೆ ಸೇರಿಸಿತು. ಕಿರು ಮತ್ತು ಸಣ್ಣ ತಯಾರಕರು ಬಿಲ್ಲಿನ ಮೇಲೆ ಉದ್ಯಮ್ ನೋಂದಣಿ ಸಂಖ್ಯೆಯನ್ನು ಅಚ್ಚು ಹಾಕಿಸಿದರೆ ಅರ್ಧ ವಸೂಲಿ ಅದೇ ಮಾಡುತ್ತದೆ.

ಉಳಿದದ್ದು ಪರೀಕ್ಷೆಯ ಮಾತು. ವೋಲ್ಟೇಜ್ ಅಲೆ ಎಬ್ಬಿಸುವ ಯಂತ್ರ, ಶಾಖ ಮತ್ತು ತೇವದ ಪೆಟ್ಟಿಗೆ, ಲಕ್ಷಗಟ್ಟಲೆ ಬಾರಿ ಉರಿಸಿ ಆರಿಸುವ ಪರೀಕ್ಷಾ ಮೇಜು, ಇವನ್ನು ಒಂಟಿಯಾಗಿ ಕೊಳ್ಳುವುದು ಹತ್ತು ಹದಿನೈದು ಜನರ ಘಟಕಕ್ಕೆ ಆಗದ ಮಾತು. ಪ್ರತಿ ಸಣ್ಣ ಬದಲಾವಣೆಗೂ ಪುಣೆಯ ಎಆರ್‌ಎಐಗೆ ಮಾದರಿ ಕಳುಹಿಸಿ ಕಾಯುವುದೂ ದುಬಾರಿ. ಅಂತಿಮ ಪ್ರಮಾಣಪತ್ರಕ್ಕೆ ಅಂತಹ ಸಂಸ್ಥೆಗೆ ಹೋಗಲೇಬೇಕು, ಆದರೆ ಮೊದಲ ಐದಾರು ಸೋಲುಗಳು ಊರಿನಲ್ಲಿಯೇ ಆಗುವಂತಿದ್ದರೆ ವೆಚ್ಚ ಬಹಳ ತಗ್ಗುತ್ತದೆ. ಕಿರು ಮತ್ತು ಸಣ್ಣ ಉದ್ದಿಮೆಗಳ ಕ್ಲಸ್ಟರ್ ಅಭಿವೃದ್ಧಿ ಯೋಜನೆಯಡಿ ಸಾಮಾನ್ಯ ಸೌಲಭ್ಯ ಕೇಂದ್ರಕ್ಕೆ ಕೇಂದ್ರ ಸರ್ಕಾರ ಅನುದಾನ ನೀಡುತ್ತದೆ, ಅದಕ್ಕೆ ಫಲಾನುಭವಿಗಳೇ ಸೇರಿ ಒಂದು ಸಂಸ್ಥೆ ರಚಿಸಿ ತಮ್ಮ ಪಾಲು ಹಾಕಬೇಕು. ವಾಣಿಜ್ಯ ಸಂಘಗಳು ಸುಂಕದ ಮನವಿಗೆ ವ್ಯಯಿಸುವ ಶ್ರಮವನ್ನು ಈ ಕೆಲಸಕ್ಕೆ ಹೊರಳಿಸುವುದು ಉಚಿತ.

ಇಲ್ಲಿ ಅಡ್ಡಿ ಹಣದ್ದಲ್ಲ, ಸಂಕೋಚದ್ದು. ಪಕ್ಕದ ಶೆಡ್ಡಿನವರು ತಮ್ಮ ಬೋರ್ಡು ನೋಡಿಬಿಟ್ಟಾರು ಎಂದು ಸಾಮಾನ್ಯ ಪರೀಕ್ಷಾ ಮೇಜಿಗೆ ಮಾಲು ತರಲು ಹಿಂಜರಿಯುವವರೇ ಹೆಚ್ಚು. ಮಾದರಿಗೆ ಹೆಸರಿನ ಬದಲು ಸಂಖ್ಯೆ ಅಂಟಿಸಿ, ಮುಚ್ಚಿದ ಕವಚದಲ್ಲಿಯೇ ಪರೀಕ್ಷಿಸಿ, ಫಲಿತಾಂಶವನ್ನು ತಂದವರಿಗೆ ಮಾತ್ರ ಕೊಡುವ ವ್ಯವಸ್ಥೆ ಮಾಡಿದರೆ ಆ ಹಿಂಜರಿಕೆಗೆ ಕಾರಣ ಉಳಿಯುವುದಿಲ್ಲ. ಮೊದಲ ಹೆಜ್ಜೆಗೆ ಬೇಕಾದುದು ಒಂದು ಕೊಠಡಿ, 12 ಮತ್ತು 24 ವೋಲ್ಟಿನ ವಿದ್ಯುತ್ ಪೂರೈಕೆ, ನಾಲ್ಕು ಬಲ್ಬುಗಳ ಲೋಡು, ಎಣಿಕೆಯ ಯಂತ್ರ, ಮತ್ತು ಮಿನುಗು 60ಕ್ಕೂ 120ಕ್ಕೂ ನಡುವೆ ಇದೆಯೇ ಎಂದು ಬರೆದುಕೊಳ್ಳುವ ಒಬ್ಬ ಡಿಪ್ಲೊಮಾ ಪದವೀಧರ.